ಗಾಡಿ ನೆನಪಿಟ್ಕೋಬೇಡ, ಮರ ನೆನಪಿಟ್ಕೋ

ಹೋದ ಸಲ ಹುಚ್ಚೆಳ್ಳು ಪುಡಿ ವಿಷಯ ಬರೆದಾಗ ಪಕ್ಕದ ಬೀದಿ ಅಕ್ಕ ಒಬ್ರು ಕೇಳಿದ್ರು, “ಆಗಸ್ಟ್ ರಜದಲ್ಲಿ ನಿಮ್ಮನೆ ದಂಡು ಹೊರಟಿತ್ತಲ್ಲ, ಅದೇನಾಯ್ತು ಅಂತ ಯಾಕೆ ಬರೀಲಿಲ್ಲ?” ಅಂತ. ಬರೆಯೋಕೆ ಮನಸ್ಸು ಬಂದಿರಲಿಲ್ಲ, ಅಷ್ಟೆ. ಈಗ ಬರೀತೀನಿ. ಬರೀ ನಮ್ಮನೆ ಕಥೆ ಅಂತ ತಿಳ್ಕೋಬೇಡಿ. ಈ ಕಡೆ ಹೆಂಗಸರು ನೂರು ವರ್ಷದಿಂದ ಮಕ್ಕಳು ಮರಿ ಕಟ್ಕೊಂಡು ಜನಜಂಗುಳಿಗೆ ಹೇಗೆ ಹೋಗಿ ಬಂದ್ರು ಅನ್ನೋದೂ ಇದರಲ್ಲಿ ಸೇರಿದೆ.

2025ರ ಆಗಸ್ಟ್ 15 ಶುಕ್ರವಾರ ಬಂತು. ಶುಕ್ರವಾರ, ಶನಿವಾರ, ಭಾನುವಾರ, ಮೂರು ದಿನ ಒಟ್ಟಿಗೆ ರಜ. ಬೆಂಗಳೂರಿಂದ ಮೈದುನನ ಮನೆಯವರು, ಮೈಸೂರಿಂದ ನಾದಿನಿ ಮನೆಯವರು, ಅವರ ಬೀಗರ ಕಡೆ ನಾಲ್ಕು ಜನ, ಎಲ್ಲ ಸೇರಿ ಇಪ್ಪತ್ಮೂರು ತಲೆ. ಒಂದು ಟಿಟಿ, ಒಂದು ಕಾರು. ಮಕ್ಕಳಿಗೆ ಗೊರೂರು ಡ್ಯಾಮು ನೋಡಬೇಕು, ದೊಡ್ಡ ಮಕ್ಕಳಿಗೆ ಶೆಟ್ಟಿಹಳ್ಳಿ ಚರ್ಚಿನ ಮುಂದೆ ಫೋಟೊ ತೆಗೀಬೇಕು. ಗಂಡಸರು “ಹೋಗಿ ಬರೋಣ, ಅದೇನು ಮಹಾ” ಅಂದು ಮಲಗಿದ್ರು. ನಾನೂ ವಾರಗಿತ್ತೀನೂ ಬೆಳಗಿನ ಜಾವ ಮೂರಕ್ಕೆ ಎದ್ದು ಒಲೆ ಹಚ್ಚಿದ್ವಿ. ಅರವತ್ತು ಅಕ್ಕಿರೊಟ್ಟಿ, ಒಂದೂವರೆ ಸೇರಿನ ಚಿತ್ರಾನ್ನ, ಅಷ್ಟೇ ಮೊಸರನ್ನ, ಹುಚ್ಚೆಳ್ಳು ಪುಡಿ, ಬೆಣ್ಣೆ. ಎರಡು ಕ್ಯಾನ್ ನೀರು. ಇಷ್ಟೆಲ್ಲಾ ಹೊರಡಿಸೋ ಹೊತ್ತಿಗೆ ನನಗೆ ಪ್ರವಾಸ ಮುಗಿದೇ ಹೋದ ಹಾಗಾಗಿತ್ತು.

ನಮ್ಮತ್ತೆ ಒಂದೇ ಮಾತು ಹೇಳಿದ್ರು. “ನಾನು ಬತ್ತೀನಿ. ಆದ್ರೆ ಅಲ್ಲಿ ಗಾಡಿಯಿಂದ ಇಳಿಯಲ್ಲ.” ಯಾಕೆ ಅಂತ ನಮಗೆ ಗೊತ್ತಿತ್ತು, ಮಕ್ಕಳಿಗೆ ಗೊತ್ತಿರಲಿಲ್ಲ. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ನಮ್ಮಜ್ಜಿ ಕಾಲದ ಮಾತು. ನಮ್ಮಜ್ಜಿಗೆ “ಪ್ರವಾಸ” ಅನ್ನೋ ಪದವೇ ಬರ್ತಿರಲಿಲ್ಲ. ಅವರಿಗೆ ಇದ್ದದ್ದು ಜಾತ್ರೆ, ಪರಿಷೆ, ತವರಿಗೆ ಹೋಗೋದು, ಇಷ್ಟೇ. ವಾರದ ರಜ ಅನ್ನೋದೂ ಇರಲಿಲ್ಲ. ಸೋಮವಾರ ಬಸವಣ್ಣನ ದಿನ ಅಂತ ಎತ್ತಿನ ಹೆಗಲಿಗೆ ನೊಗ ಇಡ್ತಿರಲಿಲ್ಲ, ಅದು ಎತ್ತಿಗೆ ರಜ. ಹೆಂಗಸರಿಗೆ ಸೋಮವಾರವೂ ಒಂದೇ, ಮಂಗಳವಾರವೂ ಒಂದೇ. ಭಾನುವಾರದ ರಜ ನಮ್ಮ ಹಳ್ಳೀದಲ್ಲ, ಆಫೀಸು ಗಿರಣಿಗಳದ್ದು. ಮುಂಬೈ ಬಟ್ಟೆ ಗಿರಣಿ ಕೆಲಸಗಾರರಿಗೆ ವಾರಕ್ಕೊಂದು ದಿನ ರಜ ಬೇಕು ಅಂತ ನಾರಾಯಣ ಮೇಘಾಜಿ ಲೋಖಂಡೆ ಅನ್ನೋರು ವರ್ಷಗಟ್ಟಲೆ ಹೋರಾಡಿ, 1890ರಲ್ಲಿ ಅದು ಸಿಕ್ಕಿತು. ನಾವು ಇವತ್ತು ಭಾನುವಾರ ಮೈಮುರಿದು ತಡವಾಗಿ ಏಳ್ತೀವಲ್ಲ, ಅದರ ಹಿಂದೆ ಅಂಥವರ ಋಣ ಇದೆ.

ಅಜ್ಜಿಯ ದೊಡ್ಡ ಜಾತ್ರೆ ಅಂದ್ರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ್ದು. ಕಾವೇರಿ ದಡದ ಸುಬ್ರಹ್ಮಣ್ಯಸ್ವಾಮಿ ಷಷ್ಠಿ ತೇರು. ಹೊಳೆ ಮೀನಿಗೆ ಪುರಿ ಹಾಕೋದು, ಮಕ್ಕಳಿಗೆ ಬತ್ತಾಸು ಕೊಡಿಸೋದು, ತಾವು ಕೈತುಂಬ ಬಳೆ ಇಡಿಸ್ಕೊಳ್ಳೋದು. ಕಮಾನು ಗಾಡಿ ಕಟ್ಕೊಂಡು, ಒಳಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ, ರಾತ್ರಿಯೇ ಹೊರಟ್ರೆ ಎತ್ತಿಗೆ ಬಿಸಿಲು ತಾಗಲ್ಲ. ಒಂದೊಂದು ಊರಿಂದ ಐದು, ಆರು ಗಾಡಿ ಸಾಲಾಗಿ.

ಅಷ್ಟು ಜನದ ನಡುವೆ ಮಕ್ಕಳನ್ನ ಹೇಗೆ ಕಾಯ್ತಿದ್ರು ಅಂತ ಒಂದ್ಸಲ ಕೇಳಿದ್ದೆ. ಅಜ್ಜಿ ಹೇಳಿದ್ದು ಇವತ್ತಿಗೂ ನೆನಪಿದೆ. ಒಂದು, ಪ್ರತಿ ಹೆಂಗಸಿಗೂ ಇಂತಿಷ್ಟು ಮಕ್ಕಳು ಅಂತ ಹೊರಡೋಕೆ ಮೊದಲೇ ಹಂಚಿಬಿಡೋರು. ತನ್ನ ಮಕ್ಕಳೇ ಆಗಬೇಕು ಅಂತಿಲ್ಲ. ತಾಯಿ ಕೈಯಲ್ಲಿದ್ರೆ ಮಗು ಹಟ ಮಾಡುತ್ತೆ, ದೊಡ್ಡವ್ವನ ಕೈಯಲ್ಲಿದ್ರೆ ಮಾಡಲ್ಲ. ಎರಡು, “ಎಲ್ಲರೂ ನೋಡ್ಕೊಳ್ಳಿ” ಅನ್ನೋ ಮಾತೇ ಇಲ್ಲ. ಎಲ್ಲರೂ ನೋಡ್ತಾರೆ ಅಂದ್ರೆ ಯಾರೂ ನೋಡಲ್ಲ. ಮೂರು, ಗಾಡಿ ಬಿಟ್ಟ ಜಾಗದಲ್ಲಿ ಒಂದು ಮರ ಗೊತ್ತು ಮಾಡೋರು. ಮಕ್ಕಳನ್ನ ಆ ಮರದ ಹತ್ರ ಕರ್ಕೊಂಡು ಹೋಗಿ, ಬುಡ ಮುಟ್ಟಿಸಿ ಹೇಳೋರು: “ಗಾಡಿ ನೆನಪಿಟ್ಕೋಬೇಡ, ಮರ ನೆನಪಿಟ್ಕೋ. ಗಾಡಿ ಎಲ್ಲಾ ಒಂದೇ ಥರ ಇರ್ತವೆ, ಎತ್ತು ಮೇಯೋಕೆ ಹೋಗ್ತವೆ. ಮರ ಎಲ್ಲೂ ಹೋಗಲ್ಲ.” ನಾಲ್ಕು, ಒಬ್ಬ ವಯಸ್ಸಾದ ಹೆಂಗಸು ಬುತ್ತಿ ಗಂಟು ಇಟ್ಕೊಂಡು ಮರದಡಿಯೇ ಕೂರೋರು. ತೇರು ನೋಡೋಕೆ ಹೋಗಲ್ಲ. ಅವರಿಗೆ ಪ್ರಸಾದ ತಂದು ಕೊಡೋದು ಉಳಿದವರ ಕೆಲಸ.

ದಾರಿ ಉದ್ದಕ್ಕೂ ಅರವಟ್ಟಿಗೆ ಇರ್ತಿತ್ತು. ಪುಣ್ಯಕ್ಕೆ ಅಂತ ಮನೆತನದವರು ಚಪ್ಪರ ಹಾಕಿ ನೀರುಮಜ್ಜಿಗೆ, ಬೆಲ್ಲದ ಪಾನಕ ಕೊಡೋರು. ಎರಡು ಕ್ಯಾನ್ ನೀರು ಹೊತ್ತುಕೊಂಡು ಹೋಗೋ ಪಾಡು ಅಜ್ಜಿಗೆ ಇರಲಿಲ್ಲ.

ಆಮೇಲೆ ಬಸ್ಸು ಬಂತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಇದ್ದಿಲು ಉರಿಸಿ ಬಸ್ಸು ಓಡಿಸ್ತಿದ್ರಂತೆ. ಏರು ಬಂದ್ರೆ ಗಂಡಸರು ಇಳಿದು ತಳ್ಳಬೇಕಿತ್ತು. 1948ರ ಸೆಪ್ಟೆಂಬರ್ 12ಕ್ಕೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಶುರುವಾಯ್ತು, 120 ಬಸ್ಸು ಇಟ್ಕೊಂಡು. 1961ರಲ್ಲಿ ಅದು ನಿಗಮ ಆಯ್ತು. ಗಾಡಿಯಲ್ಲಿ ಹೋಗೋವಾಗ ಮನೆ ಗಂಡಸು ಎತ್ತು ಕಟ್ಟಿದ್ರೆ ಮಾತ್ರ ಹೆಂಗಸು ಹೊರಡಬೇಕಿತ್ತು. ಬಸ್ಸು ಬಂದ ಮೇಲೆ ಟಿಕೆಟ್ ಕಾಸಿದ್ರೆ ಸಾಕು ಅನ್ನೋ ಹಾಗಾಯ್ತು. ಆದ್ರೆ ಆ ಕಾಸು ಯಾರ ಕೈಲಿತ್ತು? ಅದೇ ಪ್ರಶ್ನೆ. ನಮ್ಮವ್ವ ಮೊಸರು ಮಾರಿದ ದುಡ್ಡನ್ನ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟು ವರ್ಷಕ್ಕೊಂದ್ಸಲ ತವರಿಗೆ ಹೋಗೋರು.

ಅವ್ವ ಕಂಡ ದೊಡ್ಡ ಜನಸಾಗರ ಅಂದ್ರೆ 1981ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ. ಚನ್ನರಾಯಪಟ್ಟಣ ತಾಲ್ಲೂಕು, ನಮಗೇನು ದೂರ ಅಲ್ಲ. ಗೊಮ್ಮಟಸ್ವಾಮಿಯನ್ನ ನಿಲ್ಲಿಸಿ ಸಾವಿರ ವರ್ಷ ತುಂಬಿದ ಸಂಭ್ರಮ ಅದು. ಇಂದಿರಾಗಾಂಧಿ ಹೆಲಿಕಾಪ್ಟರಿಂದ ಹೂ ಚೆಲ್ಲಿದ್ರು. 58 ಅಡಿ ಮೂರ್ತಿಯ ತಲೆ ಮೇಲೆ ಹಾಲು, ಅರಿಸಿನ, ಗಂಧ ಇಳಿಯೋದು ಅವ್ವ ಕಂಡಿದ್ದು ದೂರದಿಂದ, ಯಾರದೋ ಭುಜದ ಸಂದಿಯಿಂದ. ಆದ್ರೆ ಅವ್ವ ಇವತ್ತಿಗೂ ಹೇಳೋದು ಮೂರ್ತಿ ವಿಷಯ ಅಲ್ಲ. “ಅಷ್ಟು ಜನದಲ್ಲಿ ಹೆಂಗಸರು ಬಯಲಿಗೆ ಹೋಗೋಕೆ ಜಾಗ ಎಲ್ಲಿ? ಬೆಳಗ್ಗೆಯಿಂದ ನೀರೇ ಕುಡೀಲಿಲ್ಲ ಕಣೇ” ಅಂತ. ಚರಿತ್ರೆ ಪುಸ್ತಕದಲ್ಲಿ ಎಷ್ಟು ಲಕ್ಷ ಜನ ಸೇರಿದ್ರು ಅಂತ ಬರೀತಾರೆ, ಎಷ್ಟು ಹೆಂಗಸರು ನೀರು ಕುಡಿಯದೇ ಇದ್ರು ಅಂತ ಯಾರೂ ಬರೆಯಲ್ಲ. ಇವತ್ತು ನಾವೂ ಹಾಗೇ ಮಾಡ್ತೀವಿ ಅಲ್ವಾ? ಎಲ್ಲಾದ್ರೂ ಹೊರಟ್ರೆ ಬೆಳಗ್ಗೆ ಕಾಫಿ ಬಿಡೋದು, ನೀರು ಬಿಡೋದು. ಆಮೇಲೆ ಸಂಜೆಗೆ ತಲೆನೋವು, ಉರಿಮೂತ್ರ. ದಯವಿಟ್ಟು ಹಾಗೆ ಮಾಡಬೇಡಿ. ದಾರಿಯಲ್ಲಿ ಎಲ್ಲಿ ಶೌಚಾಲಯ ಇದೆ ಅಂತ ಮೊದಲೇ ವಿಚಾರಿಸಿ ಇಟ್ಕೊಳ್ಳಿ. ನಾಚಿಕೆ ಪಡೋ ವಿಷಯ ಅಲ್ಲ ಅದು.

ಈಗ ಗೊರೂರಿಗೆ ಬರ್ತೀನಿ. ಊರಿನ ಹೆಸರನ್ನ ನಾಡಿಗೆಲ್ಲಾ ಹೇಳಿದವರು 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ರು. ವಯಸ್ಸಾದ ಮೇಲೆ ಅಮೆರಿಕಾಕ್ಕೆ ಹೋಗಿ ಬಂದು “ಅಮೆರಿಕಾದಲ್ಲಿ ಗೊರೂರು” ಬರೆದ್ರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಊರು ಸುತ್ತಿ ಬಂದಿದ್ದನ್ನ ಬರೆದು ಬಹುಮಾನ ತಗೊಂಡ ಊರಿನವರು ನಾವು, ತಮಾಷೆಯಲ್ಲ!

ಅವರು ಅಷ್ಟು ಪ್ರೀತಿಯಿಂದ ಬರೆದ ಹೇಮಾವತಿ ಹೊಳೆಗೆ 1960ರ ದಶಕದ ಕೊನೆಗೆ ಕಟ್ಟೆ ಕಟ್ಟೋಕೆ ಶುರು ಮಾಡಿದ್ರು. 1979ಕ್ಕೆ ಮುಗೀತು. ಸುಮಾರು 4.7 ಕಿಲೋಮೀಟರ್ ಉದ್ದದ ಕಟ್ಟೆ, ಆರು ಗೇಟು. ತುಂಬಿದಾಗ ನೀರಿನ ಮಟ್ಟ 2,922 ಅಡಿ, ಒಳಗೆ ಹಿಡಿಯೋದು ಸುಮಾರು 37 ಟಿಎಂಸಿ. ಹಾಸನ, ಮಂಡ್ಯ, ತುಮಕೂರಿನ ಎಷ್ಟೋ ಗದ್ದೆಗೆ, ಎಷ್ಟೋ ಮನೆ ನಲ್ಲಿಗೆ ಅದೇ ನೀರು. ಅದನ್ನ ಬೇಡ ಅನ್ನೋಕಾಗಲ್ಲ. ಆದ್ರೆ ನೀರು ನಿಲ್ಲೋಕೆ ಜಾಗ ಬೇಕಲ್ಲ? ಆ ಜಾಗದಲ್ಲಿ ಊರುಗಳಿದ್ವು.

ಶೆಟ್ಟಿಹಳ್ಳಿ ಅಂಥ ಒಂದು ಊರು. ಅಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚ್ ಇದೆ. ಊರಿನವರನ್ನ ಎಬ್ಬಿಸಿದ್ರು, ಚರ್ಚು ಅಲ್ಲೇ ಉಳೀತು. ಮಳೆಗಾಲದಲ್ಲಿ ಅರ್ಧ ನೀರಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಕಾಲ್ನಡಿಗೆಯಲ್ಲಿ ಒಳಗೆ ಹೋಗಬಹುದು. ಚಾವಣಿ ಇಲ್ಲ, ಕಮಾನುಗಳಿವೆ, ಅಲ್ಲಲ್ಲಿ ಕುಸಿದಿದೆ. ಇವತ್ತು ರಜ ಬಂತು ಅಂದ್ರೆ ಮದುವೆ ಫೋಟೊ ತೆಗೆಯೋರು, ಬೈಕಿನ ಹುಡುಗರು, ನಮ್ಮಂಥ ಸಂಸಾರದ ದಂಡು, ಎಲ್ಲಾ ಅಲ್ಲಿಗೇ.

ನಮ್ಮತ್ತೆ ತವರೂ ಆ ಹಿನ್ನೀರಿನಲ್ಲೇ ಹೋಯ್ತು. ಊರ ಹೆಸರು ಬರೀಬೇಡ ಅಂದಿದಾರೆ, ಬರೆಯಲ್ಲ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ತವರೇ ಇಲ್ಲದ ಹಾಗಾಯ್ತು. ಅಣ್ಣಂದಿರಿಗೆ ಬೇರೆ ಕಡೆ ಜಮೀನು ಕೊಟ್ರು. ಆದ್ರೆ ಗೌರಿ ಹಬ್ಬಕ್ಕೆ ಹೋಗೋಕೆ ಆ ಬಾವಿ, ಆ ಕಣ, ಆ ಜಗಲಿ ಇರಲಿಲ್ಲ. ಚರ್ಚಿನ ಗೋಡೆಯಾದ್ರೂ ಬೇಸಿಗೆಗೆ ಕಾಣುತ್ತೆ. ಮಣ್ಣಿನ ಗೋಡೆ ಮನೆಗಳು ಕರಗಿ ಹೋದ್ವು, ಯಾರೂ ಫೋಟೊ ತೆಗೆಯಲ್ಲ. ಅದಕ್ಕೇ ನಮ್ಮತ್ತೆ ಗಾಡಿಯಿಂದ ಇಳಿಯಲ್ಲ ಅಂದಿದ್ದು.

ಇಷ್ಟು ಜನ ಒಂದೇ ದಿನ ಯಾಕೆ ಹೊರಡ್ತಾರೆ ಅಂತ ಆವತ್ತು ರಸ್ತೆಯಲ್ಲಿ ಎರಡು ಗಂಟೆ ಸಿಕ್ಕಿಹಾಕಿಕೊಂಡಾಗ ಯೋಚನೆ ಮಾಡಿದೆ. ಒಂದೊಂದೇ ಲೆಕ್ಕ ಹಾಕಿದ್ರೆ ಗೊತ್ತಾಗುತ್ತೆ. 2017ರ ಮಾರ್ಚ್‌ನಲ್ಲಿ ಬೆಂಗಳೂರಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ನೇರ ರೈಲು ಬಂತು. 2019ರ ಜೂನ್‌ನಿಂದ ಸರ್ಕಾರಿ ನೌಕರರಿಗೆ ಎರಡನೇ ಶನಿವಾರದ ಜೊತೆಗೆ ನಾಲ್ಕನೇ ಶನಿವಾರವೂ ರಜ. ಅದಕ್ಕೆ ಬದಲಾಗಿ ಸಿ.ಎಲ್. 15ರಿಂದ 10ಕ್ಕೆ ಇಳೀತು. ಅಂದ್ರೆ ಮೊದಲು ಅವರವರ ಅನುಕೂಲಕ್ಕೆ ಬೇರೆ ಬೇರೆ ದಿನ ಹಾಕ್ತಿದ್ದ ರಜ, ಈಗ ಎಲ್ಲರಿಗೂ ಒಂದೇ ದಿನಕ್ಕೆ ಬಂದು ಕೂತಿದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದ್ವು. ಹಾಸನದ ಕಡೆ ಬರೋ ದೂರದ ಊರಿನವರು ಇನ್ನೂ ಹೆಚ್ಚಾದ್ರು.

ಎಲ್ಲಕ್ಕಿಂತ ದೊಡ್ಡದು 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ. ಕೆಂಪು ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಕಾಸಿಲ್ಲ. 2025ರ ಜುಲೈ ಹೊತ್ತಿಗೆ 500 ಕೋಟಿ ಸಲ ಹೆಂಗಸರು ಹಾಗೆ ಓಡಾಡಿದ್ರು ಅಂತ ಸರ್ಕಾರ ಲೆಕ್ಕ ಕೊಡ್ತು. ಗಂಡಸರು ಗೊಣಗೋದು ಕೇಳಿದೀನಿ, “ಬಸ್ಸಲ್ಲಿ ಕಾಲಿಡೋಕೆ ಜಾಗ ಇಲ್ಲ, ಎಲ್ಲಾ ಹೆಂಗಸರೇ” ಅಂತ. ನಾನಂತೂ ಸಾಸಿವೆ ಡಬ್ಬಿ ನೆನೆಸ್ಕೋತೀನಿ. ನೂಕುನುಗ್ಗಲು ನಿಜ. ಆದ್ರೆ ಆ ನೂಕುನುಗ್ಗಲಲ್ಲಿ ಮೊದಲನೇ ಸಲ ತನ್ನಿಷ್ಟಕ್ಕೆ ಹೊರಟ ಎಷ್ಟು ಜನ ಇದಾರೆ ಅಂತ ನೋಡಬೇಕು. ಹಾಸನಾಂಬ ಗುಡಿ ನೋಡಿ. ವರ್ಷಕ್ಕೊಂದೇ ಸಲ, ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೀತಾರೆ, ದೀಪಾವಳಿ ಬಲಿಪಾಡ್ಯಮಿ ಕಳೆದು ಮುಚ್ತಾರೆ. ಆ ಕೆಲವೇ ದಿನಕ್ಕೆ ಲಕ್ಷಗಟ್ಟಲೆ ಜನ. ಗಂಟೆಗಟ್ಟಲೆ ಸಾಲಲ್ಲಿ ನಿಂತ ಹೆಂಗಸರು ಅಲ್ಲೇ ಗೆಳತಿಯರಾಗಿ, ಬುತ್ತಿ ಹಂಚ್ಕೊಂಡು, ಒಬ್ಬರ ಮಗೂನ ಇನ್ನೊಬ್ಬರು ಎತ್ಕೊಂಡು ನಿಂತಿರ್ತಾರೆ. ಅಜ್ಜಿ ಕಾಲದ ಗಾಡಿ ಸಾಲೇ ಅದು.

ಈಗ ಆವತ್ತಿನ ಕಥೆ ಮುಗಿಸ್ತೀನಿ.

ಚರ್ಚಿನ ಹತ್ರ ತಲುಪಿದಾಗ ಮಧ್ಯಾಹ್ನ ಆಗಿತ್ತು. ರಸ್ತೆ ಪಕ್ಕ ಒಂದು ಹೊಂಗೆ ಮರದ ಕೆಳಗೆ ಟಿಟಿ ನಿಲ್ಲಿಸಿದ್ವಿ. ಅತ್ತೆ ಕಿಟಕಿ ಪಕ್ಕ ಕೂತೇ ಇದ್ರು. ನಾವೆಲ್ಲಾ ಇಳಿದ್ವಿ. “ಎಲ್ಲರೂ ಮಕ್ಕಳನ್ನ ನೋಡ್ಕೊಳ್ಳಿ” ಅಂತ ಯಾರೋ ಅಂದ್ರು. ಯಾರು ಅಂತ ಮುಚ್ಚಿಡಲ್ಲ, ನಾನೇ ಅಂದಿದ್ದು. ಅಜ್ಜಿ ಹೇಳಿದ್ದೆಲ್ಲಾ ಗೊತ್ತಿದ್ದೂ ಅಂದೆ. ಎಲ್ಲರ ಕೈಯಲ್ಲೂ ಫೋನಿದೆ, ಇನ್ನೇನು ಭಯ ಅನ್ನೋ ಧೈರ್ಯ.

ಅರ್ಧ ಗಂಟೆ ಆಗಿರಬಹುದು. ನಾದಿನಿ ಮೊಮ್ಮಗಳು ಕಾಣ್ತಿಲ್ಲ. ಆರು ವರ್ಷದ ಕೂಸು. ಅಮ್ಮ ಅಜ್ಜಿ ಹತ್ರ ಇದೆ ಅಂದ್ಕೊಂಡಿದ್ಲು, ಅಜ್ಜಿ ಅಮ್ಮನ ಹತ್ರ ಇದೆ ಅಂದ್ಕೊಂಡಿದ್ಲು. ಎದುರಿಗೆ ನೀರು. ಅಕ್ಕಂದಿರೇ, ಆ ನೀರನ್ನ ನಾನು ಅದುವರೆಗೆ ಎಷ್ಟು ಸಲ ನೋಡಿದ್ದೆನೋ, ಆವತ್ತು ಕಂಡ ಹಾಗೆ ಯಾವತ್ತೂ ಕಂಡಿರಲಿಲ್ಲ. ನಾದಿನಿ ಕಿರುಚೋಕೂ ಆಗದೆ ಕೂತುಬಿಟ್ಲು. ಫೋನು ಮಾಡೋಣ ಅಂದ್ರೆ ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಸತ್ತುಹೋಗಿತ್ತು. ಗಂಡಸರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಓಡಿದ್ರು, ಆಮೇಲೆ ಅವರನ್ನೂ ಹುಡುಕೋ ಹಾಗಾಯ್ತು. ನಾನು ಟಿಟಿ ಕಡೆ ಓಡಿದೆ. ನಿಲ್ಲಿಸಿದ ಜಾಗದಲ್ಲಿ ಟಿಟಿ ಇಲ್ಲ! ದಾರಿಗೆ ಅಡ್ಡ ಆಗುತ್ತೆ ಅಂತ ಡ್ರೈವರ್ ಮುಂದಕ್ಕೆ ತಗೊಂಡು ಹೋಗಿದ್ದ.

ಹೊಂಗೆ ಮರದಡಿ ನಮ್ಮತ್ತೆ ನಿಂತಿದ್ರು. ಸೆರಗಿನ ತುದಿ ಹಿಡ್ಕೊಂಡು ಕೂಸು ನಿಂತಿತ್ತು.

ನಡೆದದ್ದು ಇಷ್ಟು. ಬೆಳಗ್ಗೆ ದಾರಿಯಲ್ಲಿ ಅತ್ತೆ ಆ ಕೂಸಿಗೆ ಹೊತ್ತು ಹೋಗಲಿ ಅಂತ ತಮ್ಮ ಕಾಲದ ಜಾತ್ರೆ ಕಥೆ ಹೇಳಿದಾರೆ. ಮರ ಮುಟ್ಟಿಸೋ ವಿಷಯವೂ ಬಂದಿದೆ. ಇಳಿಯೋವಾಗ ಕೂಸೇ “ನಮ್ಮ ಮರ ಇದೇನಾ ಮುತ್ತಜ್ಜಿ?” ಅಂತ ಕೇಳಿದೆ, ಅತ್ತೆ ಕಿಟಕಿಯಿಂದಲೇ ಹೂಂ ಅಂದಿದಾರೆ. ಡ್ರೈವರ್ ಗಾಡಿ ತೆಗೀಬೇಕು ಅಂದಾಗ, ಇಳಿಯಲ್ಲ ಅಂದಿದ್ದ ನಮ್ಮತ್ತೆ ಇಳಿದಿದಾರೆ. “ಗಾಡಿ ಹೋದ್ರೆ ಹೋಗಲಿ, ಮಗೀಗೆ ಮರ ಹೇಳಿದೀನಿ, ನಾನು ಇಲ್ಲೇ ಇರ್ತೀನಿ” ಅಂತ. ಮಂಡಿ ನೋವಿನ ಕಾಲಲ್ಲಿ, ಕೂರೋಕೆ ಒಂದು ಕಲ್ಲೂ ಇಲ್ಲದ ಕಡೆ ಮುಕ್ಕಾಲು ಗಂಟೆ ನಿಂತಿದ್ರು. ದಾರಿ ತಪ್ಪಿದ ಕೂಸು ಜನರ ಕಾಲ ಸಂದಿಯಲ್ಲಿ ನುಸುಳ್ಕೊಂಡು ಮರ ಹುಡುಕ್ಕೊಂಡು ಬಂದಿದೆ.

ನಾವೆಲ್ಲಾ ಅತ್ತು ಮುಗಿಸಿದ ಮೇಲೆ ನೋಡಿದ್ರೆ, ಅತ್ತೆ ನೀರಿನ ಕಡೆ ನೋಡ್ತಾ ಇದ್ರು. ಮದುವೆಯಾಗಿ ಬಂದಾಗಿಂದ ಆ ಹಿನ್ನೀರಿನ ಮುಂದೆ ಅವರು ನಿಂತಿದ್ದನ್ನ ನಾನು ಕಂಡೇ ಇರಲಿಲ್ಲ. ಕೈ ಎತ್ತಿ ಒಂದು ಕಡೆ ತೋರಿಸಿ, “ಆ ಕಡೆಗೆ ನಮ್ಮ ಕಣ ಇತ್ತು. ರಾಗಿ ಬಡಿಯೋರು” ಅಂದ್ರು. ಕೂಸು, “ನೀರೊಳಗಾ?” ಅಂತು. “ಆವಾಗ ನೀರಿರಲಿಲ್ಲ ಕಣವ್ವ” ಅಂದ್ರು. ಅಷ್ಟೇ. ದೊಡ್ಡ ಮಕ್ಕಳು ಫೋನು ಕೆಳಗಿಳಿಸಿ ಸುಮ್ಮನೆ ನಿಂತ್ಕೊಂಡ್ರು. ಅಲ್ಲೇ ಆ ಮರದಡಿ ರೊಟ್ಟಿ ಬಿಚ್ಚಿದ್ವಿ. ಡ್ಯಾಮಿನ ಹತ್ರ ಹೋಗಲಿಲ್ಲ. ಯಾರೂ ಕೇಳಲೂ ಇಲ್ಲ.

ಆವತ್ತಿಂದ ನಮ್ಮನೆಯಲ್ಲಿ ಒಂದಿಷ್ಟು ಕಟ್ಟುಪಾಡು ಮಾಡಿದೀವಿ. ನಿಮಗೆ ಅನುಕೂಲ ಆದ್ರೆ ನೀವೂ ಮಾಡ್ಕೊಳ್ಳಿ. ಹೊರಡೋಕೆ ಮೊದಲೇ ಮಕ್ಕಳನ್ನ ಹೆಸರು ಹಿಡಿದು ಹಂಚೋದು. ಗಂಡಸರಿಗೂ ಪಾಲು ಕೊಡೋದು, ಅವರೇನು ನೆಂಟರಲ್ಲ. ಇಳಿದ ಕೂಡಲೇ ಮರ, ಕಂಬ, ಅಂಗಡಿ, ಅಲುಗಾಡದ್ದು ಯಾವುದಾದ್ರೂ ಒಂದನ್ನ ಮಕ್ಕಳ ಕೈಯಲ್ಲಿ ಮುಟ್ಟಿಸೋದು. ಮಗುವಿನ ಕೈ ಮೇಲೆ ಪೆನ್ನಲ್ಲಿ ಫೋನ್ ನಂಬರ್ ಬರೆಯೋದು. ಒಬ್ಬರು ಗೊತ್ತಾದ ಜಾಗದಲ್ಲೇ ಇರೋದು, ಆದ್ರೆ ಪ್ರತಿ ಸಲ ಮುದುಕರನ್ನೇ ಕೂರಿಸದೆ ಗಂಟೆಗೊಬ್ಬರು ಬದಲಾಗೋದು. ನೀರು ಇರೋ ಕಡೆ ಹೋದ್ರೆ ದಡಕ್ಕೂ ಮಕ್ಕಳಿಗೂ ನಡುವೆ ಒಬ್ಬ ದೊಡ್ಡವರು ನಿಂತೇ ಇರಬೇಕು, ಫೋನು ಮುಟ್ಟಬಾರದು. ಇನ್ನು ಅಡಿಗೆ: ಬೆಂಗಳೂರಿನವರು ಚಪಾತಿ ತರ್ತಾರೆ, ಮೈಸೂರಿನವರು ಪಲ್ಯ, ನಾವು ಮೊಸರನ್ನ. ಬೆಳಗಿನ ಜಾವ ಮೂರಕ್ಕೆ ಏಳೋದು ಬಂದ್. ಸಾಧ್ಯ ಆದ್ರೆ ಮೂರು ದಿನದ ರಜ ಬಿಟ್ಟು ಬೇರೆ ವಾರ ಹೋಗೋದು. ಹಿನ್ನೀರು ಎಲ್ಲೂ ಹೋಗಲ್ಲ.

ಕೊನೆಗೊಂದು. ನಿಮ್ಮನೆ ದಂಡಿನಲ್ಲಿ ಯಾರಾದ್ರೂ “ನಾನು ಇಳಿಯಲ್ಲ, ನೀವು ಹೋಗಿ ಬನ್ನಿ” ಅಂದ್ರೆ ಮುದುಕರ ಹಟ ಅಂತ ಬಿಟ್ಟುಬಿಡಬೇಡಿ, ಯಾಕೆ ಅಂತ ಕೇಳಿ. ಈ ಬೇಸಿಗೆಗೆ ನೀರು ಇಳಿದಾಗ ನಾನೂ ಅತ್ತೆಯೂ ಇಬ್ಬರೇ ಹೋಗೋದು ಅಂತ ಮಾತಾಗಿದೆ. ಕೆಂಪು ಬಸ್ಸಲ್ಲಿ, ಒಂದು ಬುಧವಾರ. ಕೂಸೂ ಬತ್ತೀನಿ ಅಂತಿದೆ. ಅದಕ್ಕೆ ಕಣ ನೋಡಬೇಕಂತೆ.